ಸೊಫಾಲದ ನೇಕಾರ: ಮಧ್ಯಯುಗದ ಆಫ್ರಿಕಾ ಮತ್ತು ಹಿಂದೂ ಮಹಾಸಾಗರ

ಆಫ್ರಿಕಾ ಎಂದೊಡನೆ ನಮ್ಮಲ್ಲಿ ಓದುಬರಹ ಬಲ್ಲವರ ನಾಲಗೆಯ ಮೇಲೂ ಮೊದಲು ಸುಳಿಯುವ ಮಾತು ‘ಕಗ್ಗತ್ತಲೆಯ ಖಂಡ’ ಎಂಬುದು. ಈ ಮಾತು ನಮ್ಮದಲ್ಲ. 19ನೆಯ ಶತಮಾನದ ಯೂರೋಪಿನ ಅನ್ವೇಷಕರು ತಮಗೆ ತಿಳಿಯದ ನಾಡಿಗೆ ಇಟ್ಟ ಹೆಸರನ್ನು ನಾವು ಅನುವಾದಿಸಿಕೊಂಡು ಪಠ್ಯಪುಸ್ತಕಗಳಲ್ಲಿ ಸೇರಿಸಿಕೊಂಡೆವು. ಕತ್ತಲೆ ಇದ್ದುದು ನೋಡಿದವರ ಕಣ್ಣಿನಲ್ಲಿಯೋ ಅವರು ನೋಡಿದ ನಾಡಿನಲ್ಲಿಯೋ ಎಂದು ಕೇಳುವ ಗೋಜಿಗೆ ಹೋಗಲಿಲ್ಲ.

ಹೀಗೆ ಕೇಳದೆ ಹೋದವರು ನಾವು ಮಾತ್ರವೇ ಅಲ್ಲ. ಆಕ್ಸ್‌ಫರ್ಡಿನ ಹೆಸರಾಂತ ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ 1963ರಲ್ಲಿ ನೀಡಿದ ಉಪನ್ಯಾಸದಲ್ಲಿ, ಆಫ್ರಿಕಾದಲ್ಲಿ ಯೂರೋಪಿಯನರು ನಡೆಸಿದ ಕಾರ್ಯಗಳ ಇತಿಹಾಸವುಂಟೇ ಹೊರತು ಬೇರೆ ಇತಿಹಾಸವಿಲ್ಲ, ಮಿಕ್ಕದ್ದು ಕತ್ತಲೆ, ಕತ್ತಲೆ ಇತಿಹಾಸದ ವಸ್ತುವಾಗಲಾರದು ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ಇದಕ್ಕೆ ಜೊತೆಯಾಗಿ ಇನ್ನೊಂದು ವಾದವೂ ಬಹುಕಾಲದಿಂದ ನಡೆದುಬಂದಿತ್ತು. ಆಫ್ರಿಕಾದ ನೆಲದಲ್ಲಿ ಕಲ್ಲಿನ ಕೋಟೆಯೋ ಅರಮನೆಯೋ ಕಂಡುಬಂದಾಗ, ಅದನ್ನು ಕಟ್ಟಿದವರು ಆಫ್ರಿಕದವರಾಗಿರಲಾರರು, ಅರಬರೋ ಪಾರಸಿಕರೋ ಫಿನಿಷಿಯನರೋ ಬಂದು ಕಟ್ಟಿರಬೇಕು ಎನ್ನುವುದು ಆ ವಾದ. ಮೊದಲನೆಯದು ಏನೂ ಇರಲಿಲ್ಲವೆನ್ನುತ್ತದೆ. ಎರಡನೆಯದು ಇದ್ದದ್ದೆಲ್ಲ ಹೊರಗಿನಿಂದ ಬಂದದ್ದೆನ್ನುತ್ತದೆ. ಎರಡರ ಬೇರೂ ಒಂದೇ. ಆಫ್ರಿಕದವರು ತಾವಾಗಿ ಏನನ್ನೂ ಮಾಡಬಲ್ಲವರಲ್ಲ ಎಂಬ ನಂಬಿಕೆಯೇ ಆ ಬೇರು.

ಈ ನಂಬಿಕೆಯನ್ನು ಪರೀಕ್ಷಿಸುವುದಕ್ಕೆ ಪೂರ್ವ ಆಫ್ರಿಕಾದ ಕಡಲತೀರಕ್ಕಿಂತ ತಕ್ಕ ಸ್ಥಳವಿಲ್ಲ. ಏಕೆಂದರೆ ಹೊರಗಿನ ಜಗತ್ತಿನೊಡನೆ ಅದರಷ್ಟು ಹೆಚ್ಚಾಗಿ ಬೆರೆತ ಭಾಗ ಆ ಖಂಡದಲ್ಲಿ ಬಹಳವಿಲ್ಲ. ಮೊಗದಿಶುವಿನಿಂದ ಸೊಫಾಲದವರೆಗೆ, ಇಂದಿನ ಸೊಮಾಲಿಯಾ, ಕೀನ್ಯಾ, ಟಾಂಜಾನಿಯಾ, ಮೊಜಾಂಬಿಕ್ ದೇಶಗಳಿಗೆ ಸೇರಿದ ಸುಮಾರು 3,000 ಕಿಲೋಮೀಟರಿನ ತೀರವಿದು. ಲಾಮು, ಮಾಲಿಂದಿ, ಮೊಂಬಾಸ, ಜಾಂಜಿಬಾರ್, ಕಿಲ್ವಾ ಮೊದಲಾದ ನಗರಗಳು ಈ ತೀರದುದ್ದಕ್ಕೂ ಮಣಿಸರದಂತೆ ಹಬ್ಬಿವೆ. ಇಲ್ಲಿನ ಜನರಿಗೆ ಸ್ವಾಹಿಲಿಗಳೆಂದು ಹೆಸರು. ತೀರ ಎಂಬುದಕ್ಕೆ ಅರಬ್ಬಿಯಲ್ಲಿರುವ ಶಬ್ದದ ಬಹುವಚನದಿಂದ ಬಂದ ಹೆಸರಿದು.

ಈ ತೀರವನ್ನು ಜಗತ್ತಿಗೆ ಕಟ್ಟಿದ ಹಗ್ಗ ಗಾಳಿ. ನವೆಂಬರಿನಿಂದ ಮಾರ್ಚಿಯವರೆಗೆ ಹಿಂದೂ ಮಹಾಸಾಗರದ ಮೇಲೆ ಈಶಾನ್ಯದಿಂದ ಬೀಸುವ ಮಾರುತ ಅರಬಸ್ಥಾನದ ಮತ್ತು ಪಶ್ಚಿಮ ಭಾರತದ ಹಾಯಿಹಡಗುಗಳನ್ನು ಆಫ್ರಿಕಾದ ಕಡೆಗೆ ನೂಕುತ್ತಿತ್ತು. ಏಪ್ರಿಲ್ ಕಳೆದ ಮೇಲೆ ಗಾಳಿ ದಿಕ್ಕು ಬದಲಿಸಿ ನೈಋತ್ಯದಿಂದ ಬೀಸತೊಡಗಿದಾಗ ಅದೇ ಹಡಗುಗಳು ಹಿಂದಿರುಗುತ್ತಿದ್ದವು. ನಮ್ಮ ಕರಾವಳಿಗೂ ಮಲೆನಾಡಿಗೂ ಮುಂಗಾರು ಮಳೆಯನ್ನು ಹೊತ್ತು ತರುವ ಗಾಳಿಯೇ ಆಫ್ರಿಕಾದ ಆನೆಯ ದಂತವನ್ನೂ ಹೊತ್ತು ತರುತ್ತಿತ್ತು. ಗಾಳಿ ತಿರುಗುವವರೆಗೆ ವರ್ತಕರು ಆಯಾ ಬಂದರಿನಲ್ಲಿ ತಿಂಗಳುಗಟ್ಟಲೆ ಕಾಯಲೇಬೇಕು. ಆ ಬಿಡುವಿನಲ್ಲಿ ಮನೆಗಳಾದವು, ಮದುವೆಗಳಾದವು, ಮಾತು ಕಲಿತದ್ದಾಯಿತು. ವ್ಯಾಪಾರ ನಂಟಸ್ತನವಾದದ್ದು ಈ ಕಾಯುವಿಕೆಯಿಂದ.

ಕ್ರಿ.ಶ. ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ನಾವಿಕರ ಕೈಪಿಡಿಯೊಂದು ಈ ತೀರದ ರಾಪ್ತ ಎಂಬ ಪೇಟೆಯನ್ನೂ, ಮೊಳೆ ಹೊಡೆಯದೆ ಹುರಿಯಿಂದ ಹೊಲಿದು ಮಾಡಿದ ಅಲ್ಲಿಯ ದೋಣಿಗಳನ್ನೂ ಹೆಸರಿಸುತ್ತದೆ. 916ರಲ್ಲಿ ಇಲ್ಲಿಂದ ಓಮಾನಿಗೆ ಹಡಗೇರಿದ ಅಲ್-ಮಸೂದಿ ಎಂಬ ಅರಬ್ಬಿ ಲೇಖಕ ಇನ್ನೂ ಹೆಚ್ಚಿನ ವಿವರ ಕೊಟ್ಟಿದ್ದಾನೆ. ಈ ನಾಡಿನ ದಂತ ಓಮಾನಿಗೆ ಹೋಗಿ ಅಲ್ಲಿಂದ ಭಾರತಕ್ಕೂ ಚೀನಾಕ್ಕೂ ಸಾಗುತ್ತದೆ. ಭಾರತದಲ್ಲಿ ಅದರಿಂದ ಕಠಾರಿಯ ಹಿಡಿಗಳನ್ನೂ ಚದುರಂಗದ ಕಾಯಿಗಳನ್ನೂ ಮಾಡುತ್ತಾರೆ. ಇಷ್ಟೇ ಹೇಳಿದ್ದರೆ ಅದು ವರ್ತಕನ ಲೆಕ್ಕವಾಗಿ ಉಳಿಯುತ್ತಿತ್ತು. ಆದರೆ ಅವನು ಆ ಜನರ ಮಾತುಗಾರಿಕೆಯನ್ನೂ ಗಮನಿಸಿದ್ದಾನೆ. ತಮ್ಮ ಭಾಷೆಯಲ್ಲಿಯೇ ನಿರರ್ಗಳವಾಗಿ ಉಪದೇಶ ಮಾಡುವ ವಾಗ್ಮಿಗಳು ಅವರಲ್ಲಿದ್ದರೆಂದೂ, ದೊರೆ ಧರ್ಮ ತಪ್ಪಿ ಆಳಿದರೆ ಜನ ಅವನನ್ನು ಉಳಿಸುತ್ತಿರಲಿಲ್ಲವೆಂದೂ ಬರೆದಿದ್ದಾನೆ. 12ನೆಯ ಶತಮಾನದ ಭೂಗೋಳಜ್ಞ ಅಲ್-ಇದ್ರಿಸಿ ಸೊಫಾಲದ ಕಬ್ಬಿಣ ಭಾರತಕ್ಕೆ ರಫ್ತಾಗುತ್ತಿತ್ತೆಂದೂ, ಭಾರತದ ಕಮ್ಮಾರರು ಅದರಿಂದ ಉತ್ತಮ ಕತ್ತಿಗಳನ್ನು ಮಾಡುತ್ತಿದ್ದರೆಂದೂ ತಿಳಿಸುತ್ತಾನೆ. ಕಬ್ಬಿಣ ಕರಗಿಸುವ ಕುಲುಮೆಯಿದ್ದ ನಾಡನ್ನು ಕತ್ತಲೆಯ ನಾಡೆನ್ನುವುದು ಹೇಗೆ?

ಆದರೂ ಒಂದು ಸಂದೇಹ ಉಳಿಯುತ್ತದೆ. ಈ ನಗರಗಳನ್ನು ಕಟ್ಟಿದವರು ಯಾರು? ಕಲ್ಲಿನ ಮಸೀದಿಗಳು, ಅರಬ್ಬಿ ಶಾಸನಗಳು, ಪಾರಸಿಕ ಬಟ್ಟಲುಗಳು, ಚೀನಾದ ಪಿಂಗಾಣಿ ಇವನ್ನೆಲ್ಲ ಕಂಡ ಮೊದಲ ತಲೆಮಾರಿನ ವಿದ್ವಾಂಸರು ಇವು ಅರಬರ ಮತ್ತು ಪಾರಸಿಕರ ವಸಾಹತುಗಳೆಂದೇ ತೀರ್ಮಾನಿಸಿದ್ದರು. ಈ ತೀರ್ಮಾನವನ್ನು ಅಲುಗಿಸಿದ್ದು ಲಾಮು ದ್ವೀಪಸಮೂಹದ ಶಾಂಗ ಎಂಬ ಪಾಳೂರಿನಲ್ಲಿ 1980ರ ದಶಕದಲ್ಲಿ ನಡೆದ ಉತ್ಖನನ. ಅಲ್ಲಿಯ ಕಲ್ಲಿನ ಮಸೀದಿಯ ಕೆಳಗೆ ಪದರ ಪದರವಾಗಿ ಅಗೆದಾಗ ಅದಕ್ಕಿಂತ ಹಳೆಯ ಮಸೀದಿಗಳ ಕುರುಹುಗಳು ಒಂದರ ಕೆಳಗೊಂದರಂತೆ ದೊರೆತವು. ತಳದಲ್ಲಿದ್ದದ್ದು 8ನೆಯ ಶತಮಾನದ ಕೊನೆಯ ಭಾಗದ್ದು: ಮರದ ಗೂಟಗಳನ್ನು ನೆಟ್ಟು ಕಟ್ಟಿದ, ಇಪ್ಪತ್ತೈದು ಜನ ನಿಲ್ಲಬಹುದಾದ ಪುಟ್ಟ ಗುಡಿಸಲು. ಸುತ್ತಲಿನ ಮನೆಗಳೂ ಮೊದಲು ಮಣ್ಣಿನವು. ಅವುಗಳಲ್ಲಿ ಬಳಸಿದ ಮಡಕೆಗಳು ಒಳನಾಡಿನ ಆಫ್ರಿಕದವರ ಮಡಕೆಗಳ ವಂಶಕ್ಕೆ ಸೇರಿದವು. ಶತಮಾನಗಳು ಕಳೆದಂತೆ ಅದೇ ನಿವೇಶನದಲ್ಲಿ ಮಣ್ಣಿನ ಗೋಡೆ ಕಲ್ಲಿನ ಗೋಡೆಯಾಯಿತು. ಹೊರಗಿನವರು ಒಂದು ದಿನ ಬಂದಿಳಿದು ನೆಟ್ಟ ನಗರವಲ್ಲ ಅದು. ಹಳ್ಳಿಯೊಂದು ತನ್ನ ಜಾಗದಲ್ಲಿಯೇ ಬೆಳೆದು ಪಟ್ಟಣವಾದದ್ದು.

ಕಟ್ಟಡದ ಸಾಮಗ್ರಿಯೂ ಆ ನೆಲದ್ದೇ, ಆ ನೀರಿನದ್ದೇ. ಕಡಲೊಳಗಿನ ಹವಳದ ಬಂಡೆಯನ್ನು ಹಸಿಯಾಗಿರುವಾಗ ಕಡಿದರೆ ಅದು ಮೃದು. ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಹಸಿಯಾಗಿದ್ದಾಗ ಅದರಲ್ಲಿ ಬಾಗಿಲ ಚೌಕಟ್ಟು, ಗೂಡು, ಹೂಬಳ್ಳಿ ಎಲ್ಲವನ್ನೂ ಕೆತ್ತಿಬಿಡುತ್ತಿದ್ದರು. ಹವಳವನ್ನೇ ಸುಟ್ಟು ಸುಣ್ಣ ಮಾಡಿ ಗಾರೆಗೆ ಬಳಸುತ್ತಿದ್ದರು. ಛಾವಣಿಗೆ ಅಳಿವೆಯ ಕಾಂಡ್ಲಾ ಮರದ ತೊಲೆಗಳು. ಆ ತೊಲೆಗಳ ಉದ್ದಕ್ಕೆ ತಕ್ಕಂತೆ ಕೋಣೆಗಳ ಅಗಲವೂ ಎರಡೂವರೆ ಮೂರು ಮೀಟರಿಗೆ ನಿಂತುಬಿಡುತ್ತಿತ್ತು. ಇಂದಿನ ಟಾಂಜಾನಿಯಾದ ದಕ್ಷಿಣ ತೀರದ ಕಿಲ್ವಾ ದ್ವೀಪದಲ್ಲಿ ಈ ಶಿಲ್ಪ ತನ್ನ ತುದಿಯನ್ನು ಮುಟ್ಟಿತು. 11ನೆಯ ಶತಮಾನದಲ್ಲಿ ಆರಂಭವಾಗಿ 14ನೆಯ ಶತಮಾನದಲ್ಲಿ ಗುಮ್ಮಟಗಳೊಡನೆ ವಿಸ್ತಾರಗೊಂಡ ಅಲ್ಲಿಯ ದೊಡ್ಡ ಮಸೀದಿಯೂ, ನೂರಕ್ಕೂ ಮಿಕ್ಕ ಕೋಣೆಗಳೂ ಎಂಟು ಮೂಲೆಯ ಕೊಳವೂ ಇದ್ದ ಹುಸುನಿ ಕುಬ್ವ ಅರಮನೆಯೂ ಇಂದಿಗೂ ಅವಶೇಷಗಳಾಗಿ ನಿಂತಿವೆ. ಯುನೆಸ್ಕೊ 1981ರಲ್ಲಿ ಇವನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಕಿಲ್ವಾ ಏಕೆ ಅಷ್ಟು ದೊಡ್ಡದಾಯಿತು? ಉತ್ತರ ಮತ್ತೆ ಗಾಳಿಯಲ್ಲಿದೆ. ಅರಬಸ್ಥಾನದಿಂದಲೋ ಗುಜರಾತಿನಿಂದಲೋ ಹೊರಟ ಹಡಗು ಒಂದೇ ಋತುವಿನಲ್ಲಿ ಬಂದು ಹಿಂದಿರುಗಲು ಸಾಧ್ಯವಿದ್ದುದು ಹೆಚ್ಚೆಂದರೆ ಕಿಲ್ವಾದವರೆಗೆ. ಆದರೆ ಎಲ್ಲರೂ ಬಯಸುತ್ತಿದ್ದ ಚಿನ್ನ ಸಿಕ್ಕುತ್ತಿದ್ದುದು ಅದಕ್ಕೂ ಸಾವಿರ ಕಿಲೋಮೀಟರಿಗಿಂತ ಹೆಚ್ಚು ದಕ್ಷಿಣದ ಸೊಫಾಲದಲ್ಲಿ. ಸೊಫಾಲದ ಚಿನ್ನವನ್ನು ತಮ್ಮ ದೋಣಿಗಳಲ್ಲಿ ಉತ್ತರಕ್ಕೆ ತಂದು, ಗಾಳಿಗಾಗಿ ಕಾದಿರುವ ವಿದೇಶದ ವರ್ತಕರಿಗೆ ಮಾರುವ ಸ್ಥಾನ ಕಿಲ್ವಾದವರದಾಯಿತು. ಸುಂಕವೂ ಅವರದೇ ಆಯಿತು.

1331ರಲ್ಲಿ ಈ ತೀರಕ್ಕೆ ಬಂದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ ನಮಗೆ ಅಪರಿಚಿತನಲ್ಲ. ಮುಂದೆ ಹತ್ತು ಹನ್ನೊಂದು ವರ್ಷಗಳಲ್ಲಿ ಅವನು ನಮ್ಮ ಹೊನ್ನಾವರಕ್ಕೂ ಬಂದ. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದುವೆಂದು ಎಣಿಸಿ ಬರೆದವನು ಅವನೇ. ಮೊಗದಿಶುವಿನಲ್ಲಿ ಅವನಿಗೆ ಇಕ್ಕಿದ ಊಟದ ವಿವರವನ್ನು ಓದಿದರೆ ನಮ್ಮ ಕರಾವಳಿಯ ಎಲೆಯೇ ಕಣ್ಣಮುಂದೆ ಬರುತ್ತದೆ: ತುಪ್ಪ ಹಾಕಿದ ಅನ್ನ, ಮೊಸರು, ನಿಂಬೆಯ ಉಪ್ಪಿನಕಾಯಿ, ಉಪ್ಪಿನಲ್ಲಿ ಹಾಕಿದ ಮೆಣಸಿನ ಗೊಂಚಲು, ಹಸಿಶುಂಠಿ, ಮಾವು. ಒಂದು ಸಮುದ್ರದ ಎರಡು ದಡಗಳ ಅಡುಗೆಮನೆಗಳು ಅಷ್ಟು ಹತ್ತಿರವಿದ್ದವು. ಅಲ್ಲಿಂದ ಅವನು ಕಿಲ್ವಾಕ್ಕೆ ಹೋದ. ಅದು ಚೆಂದವಾಗಿ ಕಟ್ಟಿದ ನಗರವೆಂದು ಹೊಗಳಿದ. ಆಗ ಆಳುತ್ತಿದ್ದವನು ಸುಲ್ತಾನ ಅಲ್-ಹಸನ್ ಬಿನ್ ಸುಲೈಮಾನ್. ಅವನ ಔದಾರ್ಯಕ್ಕಾಗಿ ಜನ ಅವನನ್ನು ‘ಕೊಡುಗೆಗಳ ತಂದೆ’ ಎಂದು ಕರೆಯುತ್ತಿದ್ದರು.

ಆ ಔದಾರ್ಯದ ಕಥೆಯೊಂದನ್ನು ಇಬ್ನ್ ಬತೂತ ಹೇಳಿದ್ದಾನೆ. ಶುಕ್ರವಾರದ ಪ್ರಾರ್ಥನೆ ಮುಗಿಸಿ ಬರುತ್ತಿದ್ದ ಸುಲ್ತಾನನನ್ನು ಯೆಮನ್ ದೇಶದ ಫಕೀರನೊಬ್ಬ ತಡೆದು, ಮೈಮೇಲಿನ ಉಡುಪನ್ನೇ ಬೇಡಿದ. ಸುಲ್ತಾನ ಹಿಂದಿರುಗಿ, ಬೇರೆ ಬಟ್ಟೆ ತೊಟ್ಟು, ಬೇಡಿದ್ದನ್ನು ಕೊಟ್ಟ. ಜನ ಕೊಂಡಾಡಿದರು. ಸುಲ್ತಾನನ ಮಗ ಹತ್ತು ಗುಲಾಮರನ್ನು ಕೊಟ್ಟು ಆ ಉಡುಪನ್ನು ಫಕೀರನಿಂದ ಹಿಂದಕ್ಕೆ ಪಡೆದ. ಸುಲ್ತಾನ ಅದಕ್ಕೂ ಮೇಲೆ ಇನ್ನು ಹತ್ತು ಗುಲಾಮರನ್ನೂ ಎರಡು ಹೊರೆ ದಂತವನ್ನೂ ಕೊಡಿಸಿದ. ಕಥೆ ಹೇಳಿದವನಿಗೆ ಇದು ದಾನದ ಕಥೆ. ನಾವು ಓದುವಾಗ ಆ ಇಪ್ಪತ್ತು ಜನರನ್ನು ದಾಟಿ ಮುಂದಕ್ಕೆ ಹೋಗಲಾರೆವು. ಒಳನಾಡಿನ ಮೇಲೆ ದಂಡೆತ್ತಿ ಜನರನ್ನು ಹಿಡಿದು ತರುವುದು ಈ ದೊರೆಯ ಪದ್ಧತಿಯೇ ಆಗಿತ್ತು. ಈ ಸಾಗರದ ಮೇಲೆ ಬಟ್ಟೆ, ಮಣಿ, ದಂತಗಳಂತೆ ಮನುಷ್ಯರೂ ಸರಕಾಗಿ ಸಾಗಿದರು. ಇರಾಕಿನ ದಕ್ಷಿಣದ ಜೌಗು ನೆಲದಲ್ಲಿ ದುಡಿಯುತ್ತಿದ್ದ ಗುಲಾಮರು 869ರಿಂದ 883ರವರೆಗೆ ನಡೆಸಿದ ದಂಗೆಗೆ ಇತಿಹಾಸದಲ್ಲಿ ಇರುವ ಹೆಸರೇ ‘ಜಂಜ್’ ದಂಗೆ. ಪೂರ್ವ ಆಫ್ರಿಕದವರಿಗೆ ಅರಬರು ಇಟ್ಟ ಹೆಸರದು. ನಮ್ಮ ದಖ್ಖನಿನಲ್ಲಿ ಗುಲಾಮನಾಗಿ ಬಂದು ಅಹಮದನಗರ ರಾಜ್ಯದ ಸೂತ್ರಧಾರನಾದ ಮಲಿಕ್ ಅಂಬರ್ ಇಥಿಯೋಪಿಯದವನು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲ ತಾಲ್ಲೂಕುಗಳ ಸಿದ್ದಿ ಜನರ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರ ಕಾಲದಲ್ಲಿ ಗೋವೆಯ ಮೂಲಕ ಈ ಕಡೆಗೆ ಬಂದವರು. ಮಧ್ಯಯುಗದ ಆಫ್ರಿಕಾವನ್ನು ಹೊಗಳುವ ಭರದಲ್ಲಿ ಇದನ್ನು ಮುಚ್ಚಿಡುವುದು ಆ ಖಂಡಕ್ಕೆ ಸಲ್ಲಿಸುವ ಗೌರವವಲ್ಲ.

ಇದೇ ಅಲ್-ಹಸನ್ ಬಿನ್ ಸುಲೈಮಾನ್ ತನ್ನ ಹೆಸರಿನಲ್ಲಿ ತಾಮ್ರದ ನಾಣ್ಯಗಳನ್ನು ಟಂಕಿಸಿದ್ದ. ಕಿಲ್ವಾದ ನಾಣ್ಯಗಳಲ್ಲಿ ಸಾಹಿತ್ಯಪ್ರಿಯರಿಗೆ ಮೆಚ್ಚುಗೆಯಾಗುವ ಒಂದು ವಿಶೇಷವುಂಟು. ಒಂದು ಮುಖದಲ್ಲಿ ದೊರೆಯ ಹೆಸರು, ಇನ್ನೊಂದರಲ್ಲಿ ದೇವರ ಮೇಲಣ ಭರವಸೆಯ ಮಾತು. ಎರಡು ಮುಖಗಳ ಸಾಲುಗಳಿಗೂ ಅಂತ್ಯಪ್ರಾಸವಿರುತ್ತದೆ. ನಾಣ್ಯವನ್ನು ತಿರುಗಿಸಿದರೆ ದ್ವಿಪದಿ ಪೂರ್ತಿಯಾಗುತ್ತದೆ. ಈ ದೊರೆಯ ನಾಣ್ಯವೊಂದು 1970ರ ದಶಕದ ಆರಂಭದಲ್ಲಿ ಕಡಲಿನಿಂದ ಬಹುದೂರ, ಸೊಫಾಲದಿಂದ ಸುಮಾರು 400 ಕಿಲೋಮೀಟರು ಒಳಗಿನ ಪ್ರಸ್ಥಭೂಮಿಯಲ್ಲಿ ದೊರೆಯಿತು. ಆ ಸ್ಥಳದ ಹೆಸರು ಮಹಾ ಜಿಂಬಾಬ್ವೆ.

ಶೋನ ಭಾಷೆಯಲ್ಲಿ ಜಿಂಬಾಬ್ವೆ ಎಂಬುದಕ್ಕೆ ಕಲ್ಲುಮನೆಗಳೆಂದು ಅರ್ಥ ಹೇಳುತ್ತಾರೆ. ಹಗಲಿನ ಬಿಸಿಲಿಗೂ ಇರುಳಿನ ಚಳಿಗೂ ಸಿಕ್ಕಿ ಅಲ್ಲಿಯ ಗ್ರಾನೈಟ್ ಗುಡ್ಡಗಳು ಹಾಳೆ ಹಾಳೆಯಾಗಿ ಎದ್ದುಬರುತ್ತವೆ. ಆ ಹಾಳೆಗಳನ್ನು ಇಟ್ಟಿಗೆಯ ಗಾತ್ರಕ್ಕೆ ಒಡೆದು, ಗಾರೆಯ ಸೋಂಕಿಲ್ಲದೆ ವರಸೆ ವರಸೆಯಾಗಿ ಜೋಡಿಸಿ ಎಬ್ಬಿಸಿದ ಗೋಡೆಗಳವು. ಮಹಾ ಆವರಣದ ಹೊರಗೋಡೆಯ ಸುತ್ತಳತೆ ಸುಮಾರು 250 ಮೀಟರು. ಎತ್ತರ ಕೆಲವೆಡೆ 11 ಮೀಟರು. ಬಳಪದ ಕಲ್ಲಿನಲ್ಲಿ ಕಡೆದ ಹಕ್ಕಿಗಳು ಇಲ್ಲಿ ಸಿಕ್ಕಿವೆ. 12ರಿಂದ 15ನೆಯ ಶತಮಾನದವರೆಗೆ ಬಾಳಿದ ಈ ರಾಜಧಾನಿಯಲ್ಲಿ ಕಿಲ್ವಾದ ನಾಣ್ಯವಷ್ಟೇ ಅಲ್ಲ, ಚೀನಾದ ಹಸುರು ಹೊಳಪಿನ ಪಿಂಗಾಣಿ, ಪಾರಸಿಕರ ಬಟ್ಟಲು, ಸಾವಿರಾರು ಗಾಜಿನ ಮಣಿಗಳು ದೊರೆತಿವೆ. ಆದರೆ ಆ ದೊರೆತನ ನಿಂತದ್ದು ಇವುಗಳ ಮೇಲಲ್ಲ. ಅಗೆತದಲ್ಲಿ ರಾಶಿ ರಾಶಿಯಾಗಿ ಸಿಕ್ಕುವ ದನದ ಮೂಳೆಗಳು ಅದರ ಬುನಾದಿ ಯಾವುದೆಂಬುದನ್ನು ತಿಳಿಸುತ್ತವೆ. ಗೋಸಂಪತ್ತು, ಬೇಸಾಯ, ಕುಲದ ಹಿರಿಯರ ಅಧಿಕಾರ, ಇವುಗಳಿಂದ ಕಟ್ಟಿದ ರಾಜ್ಯಕ್ಕೆ ಚಿನ್ನದ ವ್ಯಾಪಾರ ಮೆರುಗನ್ನು ಕೊಟ್ಟಿತು.

ಈ ಗೋಡೆಗಳ ಮುಂದೆಯೇ ಹಿಂದೆ ಹೇಳಿದ ನಂಬಿಕೆ ತನ್ನ ನಿಜವಾದ ಬಣ್ಣವನ್ನು ತೋರಿಸಿತು. 1871ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ಕಾರ್ಲ್ ಮೌಖ್ ಬಾಗಿಲ ಅಡ್ಡಪಟ್ಟಿಯ ಒಂದು ಚೂರು ಮರವನ್ನು ನೋಡಿ, ಇದು ಲೆಬನಾನಿನ ದೇವದಾರು, ಆದ್ದರಿಂದ ಇದು ಶೀಬಾ ರಾಣಿಯ ಅರಮನೆ ಎಂದು ನಿರ್ಧರಿಸಿದ. ಮುಂದೆ ಬ್ರಿಟಿಷರು ಆ ನಾಡನ್ನು ಆಕ್ರಮಿಸಿದ ಮೇಲೆ ಈ ಕಲ್ಪನೆ ರಾಜಕೀಯದ ಆಯುಧವಾಯಿತು. ಹಿಂದೆ ಬಿಳಿಯರು ಇಲ್ಲಿ ಆಳಿದ್ದರು, ಈಗ ಮತ್ತೆ ಬಂದಿದ್ದೇವೆ ಎಂದು ಹೇಳಿಕೊಳ್ಳುವುದಕ್ಕೆ ಅದು ಅನುಕೂಲವಾಯಿತು. 1902ರಲ್ಲಿ ಈ ಅವಶೇಷಗಳ ಮೇಲ್ವಿಚಾರಕನಾಗಿ ನೇಮಕಗೊಂಡ ರಿಚರ್ಡ್ ಹಾಲ್, ಅನಂತರದ ಕರಿಯರ ಕಸವೆಂದು ಭಾವಿಸಿ ಆಳದವರೆಗೆ ಮಣ್ಣನ್ನು ತೋಡಿ ಹೊರಗೆ ಎಸೆಸಿದ. ಯಾವ ಪದರಗಳಲ್ಲಿ ಕಟ್ಟಿದವರ ಗುರುತಿತ್ತೋ ಆ ಪದರಗಳೇ ಹಾಳಾದವು. 1905ರಲ್ಲಿ ರ್‍ಯಾಂಡಲ್-ಮಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಮ್ಸನ್ ಎಂಬ ವಿದುಷಿ ಉಳಿದ ನೆಲವನ್ನು ಶಾಸ್ತ್ರೀಯವಾಗಿ ಅಗೆದು, ಇದು ಮಧ್ಯಯುಗದ ಆಫ್ರಿಕದವರ ಕೆಲಸವೆಂದು ಸಾಧಿಸಿದರು. ಆದರೂ 1965ರಲ್ಲಿ ತಾನಾಗಿ ಸ್ವಾತಂತ್ರ್ಯ ಘೋಷಿಸಿಕೊಂಡ ರೊಡೇಷಿಯಾದ ಬಿಳಿಯರ ಸರ್ಕಾರಕ್ಕೆ ಈ ಸತ್ಯ ಪಥ್ಯವಾಗಲಿಲ್ಲ. ಕಟ್ಟಿದವರು ಆಫ್ರಿಕದವರೆಂದು ಸ್ಪಷ್ಟವಾಗಿ ಬರೆದ ಪುರಾತತ್ತ್ವಜ್ಞ ಪೀಟರ್ ಗಾರ್ಲೇಕ್ 1970ರಲ್ಲಿ ದೇಶವನ್ನೇ ಬಿಡಬೇಕಾಯಿತು. ಐದುನೂರು ವರ್ಷ ಹಳೆಯ ಗೋಡೆಯೊಂದನ್ನು ಕಂಡು ಅಂಜುವ ಸರ್ಕಾರಗಳೂ ಇರುತ್ತವೆ. ಕಟ್ಟಬಲ್ಲವರು ಎಂದು ಒಪ್ಪಿಕೊಂಡರೆ ಆಳಬಲ್ಲವರು ಎಂದೂ ಒಪ್ಪಿಕೊಳ್ಳಬೇಕಾಗುತ್ತದೆ.

ಇಷ್ಟಾದರೂ ಹೊರಗಿನ ಜಗತ್ತಿನಿಂದ ಆಫ್ರಿಕದವರು ಬೇಕಾದಷ್ಟನ್ನು ಪಡೆದರೆಂಬುದರಲ್ಲಿ ಸಂದೇಹವಿಲ್ಲ. ಪಡೆದದ್ದನ್ನು ಏನು ಮಾಡಿದರು ಎಂಬುದೇ ಮುಖ್ಯವಾದ ಪ್ರಶ್ನೆ. ಇದಕ್ಕೆ ಮೂರು ಚಿಕ್ಕ ವಸ್ತುಗಳು ಉತ್ತರ ಹೇಳುತ್ತವೆ.

ಮೊದಲನೆಯದು ಒಂದು ಮಣಿ. ಲಿಂಪೊಪೊ ನದಿಯ ಬಳಿಯ ಮಾಪುಂಗುಬ್ವೆ 13ನೆಯ ಶತಮಾನದಲ್ಲಿ ಮಹಾ ಜಿಂಬಾಬ್ವೆಗೂ ಮುಂಚೆ ಹಿರಿಮೆಗೆ ಬಂದ ರಾಜಧಾನಿ. ಮರದ ಅಚ್ಚಿನ ಮೇಲೆ ಚಿನ್ನದ ತಗಡು ಹೊದಿಸಿ ಮಾಡಿದ ಪುಟ್ಟ ಖಡ್ಗಮೃಗ ಸಿಕ್ಕಿದ್ದು ಅಲ್ಲಿಯೇ. ಅದರ ಪಕ್ಕದಲ್ಲಿ ಅದಕ್ಕಿಂತಲೂ ಹಳೆಯದಾದ ಊರೊಂದಿದೆ. ಭಾರತದಲ್ಲಿ ತಯಾರಾದ ಗಾಜಿನ ಮಣಿಗಳು ಅಲ್ಲಿಯವರೆಗೆ ಬಂದಿದ್ದವು. ಆದರೆ ಆ ಊರಿನ ಕುಶಲಿಗಳು ಬಂದ ಮಣಿಗಳನ್ನು ಬಂದಂತೆಯೇ ತೊಟ್ಟು ಸುಮ್ಮನಿರಲಿಲ್ಲ. ನೀಲಿ ಹಸುರು ಮಣಿಗಳನ್ನು ಕರಗಿಸಿ, ಮಣ್ಣಿನ ಅಚ್ಚಿನಲ್ಲಿ ಎರೆದು, ತಮಗೆ ಬೇಕಾದ ಆಕಾರದ ದಪ್ಪ ಮಣಿಗಳನ್ನು ಮಾಡಿಕೊಂಡರು.

ಎರಡನೆಯದು ಒಂದು ಬಟ್ಟೆ. ವಿಜಯನಗರದ ವೈಭವವನ್ನು ವರ್ಣಿಸಿದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸನ ಹೆಸರನ್ನು ಕನ್ನಡಿಗರು ಬಲ್ಲರು. ಅದೇ ಬಾರ್ಬೋಸ 16ನೆಯ ಶತಮಾನದ ಆರಂಭದಲ್ಲಿ ಸೊಫಾಲದ ಬಗ್ಗೆಯೂ ಬರೆದಿದ್ದಾನೆ. ಅಲ್ಲಿ ಹತ್ತಿ ಬೆಳೆಯುತ್ತಿತ್ತು, ಬಿಳಿಯ ಬಟ್ಟೆಯನ್ನು ನೇಯುತ್ತಿದ್ದರು. ಆದರೆ ಬಣ್ಣ ಹಾಕುವುದು ಬರುತ್ತಿರಲಿಲ್ಲ. ಆದ್ದರಿಂದ ಗುಜರಾತಿನ ಖಂಬಾಯತಿನಿಂದ ಬಂದ ನೀಲಿ ಬಟ್ಟೆಯ ಎಳೆಗಳನ್ನು ಬಿಚ್ಚಿ, ಆ ನೂಲನ್ನು ತಮ್ಮ ಬಿಳಿಯ ನೂಲಿನೊಡನೆ ಸೇರಿಸಿ, ಬೇರೆಯೇ ಬಟ್ಟೆಯನ್ನು ನೇಯುತ್ತಿದ್ದರು. ಗುಜರಾತಿನ ನೇಕಾರ ತಿಂಗಳು ಕೂತು ನೇಯ್ದದ್ದನ್ನು ಸೊಫಾಲದ ನೇಕಾರ ಎಳೆ ಎಳೆಯಾಗಿ ಬಿಚ್ಚುತ್ತಿದ್ದ. ಆ ತಾಳ್ಮೆಯ ಹಿಂದೆ ತನಗೆ ಬೇಕಾದದ್ದು ಯಾವುದೆಂಬ ಖಚಿತವಾದ ಅರಿವಿತ್ತು. ಅವನಿಗೆ ಬೇಕಾಗಿದ್ದದ್ದು ನೀಲಿ ಬಣ್ಣ ಮಾತ್ರ. ಬಟ್ಟೆ ಹೇಗಿರಬೇಕೆಂಬುದು ಅವನಿಗೆ ಮೊದಲೇ ತಿಳಿದಿತ್ತು.

ಮೂರನೆಯದು ಒಂದು ಶಬ್ದ. ಸ್ವಾಹಿಲಿ ಭಾಷೆಯಲ್ಲಿ ಅರಬ್ಬಿ, ಪಾರಸಿ ಶಬ್ದಗಳು ಹೇರಳವಾಗಿವೆ. ಅವರ ‘ಬಂದಾರಿ’ಗೂ ನಮ್ಮ ‘ಬಂದರು’ ಎಂಬುದಕ್ಕೂ ಮೂಲ ಒಂದೇ ಪಾರಸಿ ಶಬ್ದ. ಆದರೆ ಜಿಲ್ಲೆ, ಅರ್ಜಿ, ದಾಖಲೆ ಎಂಬ ಮಾತುಗಳನ್ನು ದಿನಬೆಳಗಾದರೆ ಬಳಸಿದರೂ ಕನ್ನಡ ಹೇಗೆ ದ್ರಾವಿಡ ಭಾಷೆಯಾಗಿಯೇ ಉಳಿದಿದೆಯೋ ಹಾಗೆಯೇ ಸ್ವಾಹಿಲಿಯೂ ಬಾಂಟು ಎಂಬ ಆಫ್ರಿಕಾದ ಭಾಷಾವರ್ಗಕ್ಕೆ ಸೇರಿದ್ದಾಗಿ ಉಳಿದಿದೆ. ಬಾಂಟು ಭಾಷೆಗಳಲ್ಲಿ ವಚನ ಬದಲಾಗುವುದು ಶಬ್ದದ ಕೊನೆಯಲ್ಲಿ ಅಲ್ಲ, ಮೊದಲಿನಲ್ಲಿ. ‘ಕಿ’ ಎಂದು ಆರಂಭವಾಗುವ ನಾಮಪದ ಬಹುವಚನದಲ್ಲಿ ‘ವಿ’ ಎಂದಾಗುತ್ತದೆ. ಪುಸ್ತಕವೆಂಬ ಅರ್ಥದ ಅರಬ್ಬಿಯ ‘ಕಿತಾಬ್’ ಸ್ವಾಹಿಲಿಗೆ ಬಂದು ‘ಕಿತಾಬು’ ಆಯಿತು. ಅದರ ಬಹುವಚನವೇನು? ‘ವಿತಾಬು’! ಅರಬ್ಬಿಯಲ್ಲಿ ‘ಕಿ’ ಎಂಬುದು ಧಾತುವಿನದೇ ಅಂಶ, ಅದನ್ನು ಬೇರ್ಪಡಿಸುವಂತಿಲ್ಲ. ಸ್ವಾಹಿಲಿಯವರು ಅದನ್ನು ತಮ್ಮ ವ್ಯಾಕರಣದ ಕಣ್ಣಿನಿಂದ ನೋಡಿ, ಸರಾಗವಾಗಿ ಬಿಚ್ಚಿ, ಮತ್ತೆ ಕಟ್ಟಿದರು. ಮಣಿ, ಬಟ್ಟೆ, ಶಬ್ದ ಮೂರರಲ್ಲಿಯೂ ನಡೆದದ್ದು ಒಂದೇ ಕೆಲಸ. ವಸ್ತು ಹೊರಗಿನದು, ವ್ಯಾಕರಣ ಒಳಗಿನದು.

ಭಾಷೆ ಹೀಗೇಕೆ ಉಳಿಯಿತೆಂಬುದರ ಮೇಲೆ ಈಚಿನ ವಿಜ್ಞಾನ ಹೊಸ ಬೆಳಕನ್ನು ಚೆಲ್ಲಿದೆ. ಕಿಲ್ವಾದ ಹಳೆಯ ವೃತ್ತಾಂತದಲ್ಲಿ ಒಂದು ಐತಿಹ್ಯವುಂಟು. ಪಾರಸಿಕ ದೇಶದ ಶೀರಾಜಿನ ರಾಜಕುಮಾರನೊಬ್ಬ ಹಡಗಿನಲ್ಲಿ ಬಂದು, ದ್ವೀಪದ ಆಫ್ರಿಕದ ಒಡೆಯನಿಗೆ ದ್ವೀಪವನ್ನು ಸುತ್ತುವಷ್ಟು ಬಟ್ಟೆಯನ್ನು ಕೊಟ್ಟು ಕಿಲ್ವಾವನ್ನು ಕೊಂಡನಂತೆ. ಇದು ಕುಲಗೌರವಕ್ಕಾಗಿ ಕಟ್ಟಿದ ಕಥೆಯೆಂದು ಅನೇಕರು ತಳ್ಳಿಹಾಕಿದ್ದರು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು 80 ಜನರ ಅವಶೇಷಗಳ ವಂಶವಾಹಿಗಳನ್ನು ಪರೀಕ್ಷಿಸಲಾಯಿತು. 1250ರಿಂದ 1800ರ ನಡುವೆ ಈ ತೀರದ ಪಟ್ಟಣಗಳಲ್ಲಿ ಬಾಳಿದವರ ಸಮಾಧಿಗಳೇ ಅದರ ಮುಖ್ಯ ಆಧಾರ. ಅವರ ಪೈಕಿ ಅನೇಕರ ಪೂರ್ವಿಕರಲ್ಲಿ ಏಷ್ಯದವರು, ಮುಖ್ಯವಾಗಿ ಪಾರಸಿಕ ಗಂಡಸರು, ಅವರೊಡನೆ ಸ್ವಲ್ಪ ಭಾರತದವರೂ ಇದ್ದರೆಂದು ತಿಳಿದುಬಂತು. ಈ ಬೆರಕೆ ಆರಂಭವಾದದ್ದು ಸುಮಾರು ಕ್ರಿ.ಶ. 1000ದ ವೇಳೆಗೆ. ಆದರೆ ತಾಯಂದಿರ ಕಡೆಯ ಪರಂಪರೆ ಬಹುಮಟ್ಟಿಗೆ ಪೂರ್ತಿಯಾಗಿ ಆಫ್ರಿಕಾದ್ದು. ಐತಿಹ್ಯದಲ್ಲಿ ಸತ್ಯದ ಅಂಶವಿತ್ತು. ಆದರೆ ಅದು ಅರ್ಧ ಸತ್ಯ. ತಂದೆಯ ಹೆಸರು ವೃತ್ತಾಂತದಲ್ಲಿ ಉಳಿಯಿತು. ತಾಯಿಯ ಮಾತು ಮಕ್ಕಳ ಬಾಯಲ್ಲಿ ಉಳಿಯಿತು. ತಾಯ್ನುಡಿ ಎಂಬ ನಮ್ಮ ಪದಕ್ಕೆ ಇದಕ್ಕಿಂತ ಸಾರ್ಥಕವಾದ ನಿದರ್ಶನ ಸಿಕ್ಕುವುದು ಕಷ್ಟ.

ಹೀಗೆ ತಮ್ಮ ನೆಲೆಯಲ್ಲಿ ನಿಂತವರಿಗೆ ದೂರದ ಜಗತ್ತು ಭಯವನ್ನು ತರಲಿಲ್ಲ. ಮಾಲಿಂದಿಯವರು 1415ರಲ್ಲಿ ಚೀನಾದ ಚಕ್ರವರ್ತಿಯ ಆಸ್ಥಾನಕ್ಕೆ ಜಿರಾಫೆಯೊಂದನ್ನು ಕಾಣಿಕೆಯಾಗಿ ಕಳುಹಿಸಿದರು. ಅದಕ್ಕೆ ಹಿಂದಿನ ವರ್ಷವಷ್ಟೇ ಬಂಗಾಳದ ಸುಲ್ತಾನನಿಂದಲೂ ಒಂದು ಜಿರಾಫೆ ಅಲ್ಲಿಗೆ ಹೋಗಿತ್ತು. ತಮ್ಮ ಪುರಾಣಗಳ ಮಂಗಳಮೃಗವಾದ ‘ಚಿಲಿನ್’ ಬಂದಿತೆಂದು ಚೀನಾದವರು ಸಂಭ್ರಮಿಸಿದರು. ಕೆಲವೇ ವರ್ಷಗಳಲ್ಲಿ ಝೆಂಗ್ ಹೆ ಎಂಬ ನೌಕಾಧಿಪತಿಯ ಹಡಗುಗಳು ಆಫ್ರಿಕಾದ ರಾಯಭಾರಿಗಳನ್ನು ಅವರವರ ಊರಿಗೆ ಮುಟ್ಟಿಸಲು ಈ ತೀರಕ್ಕೆ ಬಂದವು. ಮಲೇಷಿಯಾದ ಮಲಾಕ್ಕಾ ಬಂದರಿನಲ್ಲಿ ವ್ಯಾಪಾರ ಮಾಡುತ್ತಿದ್ದವರ ಪಟ್ಟಿಯನ್ನು ಕೊಡುವಾಗ ತೋಮೆ ಪಿರೆಸ್ ಎಂಬ ಪೋರ್ಚುಗೀಸ್ ಲೇಖಕ ಕಿಲ್ವಾ, ಮಾಲಿಂದಿ, ಮೊಂಬಾಸಗಳ ಜನರನ್ನೂ ಸೇರಿಸಿದ್ದಾನೆ.

1498ರಲ್ಲಿ ವಾಸ್ಕೋ ಡ ಗಾಮ ಈ ತೀರವನ್ನು ತಲುಪಿದ. ಮೊಜಾಂಬಿಕಿನ ಮುಖ್ಯಸ್ಥನಿಗೆ ಅವನು ಕೊಟ್ಟ ಟೋಪಿ, ಹವಳ ಮೊದಲಾದ ಉಡುಗೊರೆಗಳನ್ನು ಆತ ತಿರಸ್ಕಾರದಿಂದ ನೋಡಿ, ಇದಕ್ಕಿಂತ ಒಳ್ಳೆಯದೇನಾದರೂ ಇದೆಯೇ ಎಂದು ಕೇಳಿದನಂತೆ. ಆ ಪೇಟೆಗೆ ಅದಕ್ಕಿಂತ ಮೇಲಾದ ಸರಕು ನಿತ್ಯ ಬರುತ್ತಿತ್ತು. ಗಾಮನನ್ನು ಕಲ್ಲಿಕೋಟೆಗೆ ದಾರಿ ತೋರಿಸಿ ಕರೆತಂದ ನಾವಿಕನನ್ನು ಕೊಟ್ಟದ್ದು ಮಾಲಿಂದಿಯ ದೊರೆ. ಯಾರೂ ಕಾಣದ ಸಮುದ್ರವನ್ನು ಗಾಮ ‘ಕಂಡುಹಿಡಿದ’ ಎಂದು ನಾವು ಶಾಲೆಯಲ್ಲಿ ಓದಿದೆವು. ದಾರಿ ಗೊತ್ತಿದ್ದವರನ್ನು ಅವನು ಕಂಡುಹಿಡಿದ ಎಂದರೆ ಹೆಚ್ಚು ಸರಿ. ಏಳು ವರ್ಷಗಳ ಅನಂತರ, 1505ರಲ್ಲಿ, ಫ್ರಾನ್ಸಿಸ್ಕೊ ಡ ಅಲ್ಮೇಡನ ನೌಕಾಪಡೆ ಕಿಲ್ವಾವನ್ನು ಸೂರೆ ಮಾಡಿತು, ಮೊಂಬಾಸವನ್ನು ಸುಟ್ಟಿತು. ಫಿರಂಗಿಯ ಬಲದಿಂದ ಸಮುದ್ರವನ್ನೇ ತನ್ನದೆಂದು ಹೇಳಿಕೊಳ್ಳುವ ಪದ್ಧತಿ ಈ ನಗರಗಳಿಗೆ ಹೊಸದು. ಗಾಳಿಯನ್ನು ನಂಬಿ ಬಾಳಿದವರು ಅದಕ್ಕೆ ಸಿದ್ಧರಾಗಿರಲಿಲ್ಲ. ವ್ಯಾಪಾರ ಪೂರ್ತಿಯಾಗಿ ನಿಲ್ಲಲಿಲ್ಲ, ಸ್ವಾಹಿಲಿ ನಗರಗಳೂ ಅಳಿಯಲಿಲ್ಲ. ಆದರೆ ಕಿಲ್ವಾದ ಹಳೆಯ ವೈಭವ ಮರಳಲಿಲ್ಲ. ಸುಟ್ಟವರ ವಂಶದವರು ಮುಂದೊಂದು ದಿನ ಬೂದಿಯನ್ನು ತೋರಿಸಿ, ಇಲ್ಲಿ ಮೊದಲಿನಿಂದಲೂ ಏನೂ ಇರಲಿಲ್ಲ ಎಂದರು.

1980ರಲ್ಲಿ ರೊಡೇಷಿಯಾದಲ್ಲಿ ಬಹುಸಂಖ್ಯಾತರ ಆಳ್ವಿಕೆ ಬಂದಾಗ ಹೊಸ ದೇಶ ತನ್ನ ಹೆಸರನ್ನು ಆ ಕಲ್ಲಿನ ಗೋಡೆಗಳಿಂದ ಪಡೆದು ಜಿಂಬಾಬ್ವೆ ಎಂದಾಯಿತು. ಬಳಪದ ಕಲ್ಲಿನ ಹಕ್ಕಿ ಅದರ ಬಾವುಟವನ್ನೇರಿತು. ಇದು ನ್ಯಾಯವೇ. ಆದರೆ ಇತಿಹಾಸದ ನ್ಯಾಯ ಬಾವುಟದಿಂದಲೇ ಮುಗಿಯುವುದಿಲ್ಲ. ಒಂದು ಸಮಾಜದ ಹಿರಿಮೆಯನ್ನು ಅಳೆಯುವಾಗ ಅದು ಹೊರಗಿನಿಂದ ಏನನ್ನೂ ಪಡೆಯಲಿಲ್ಲವೆಂದು ಸಾಧಿಸಹೊರಡುವುದು ಎಷ್ಟು ತಪ್ಪೋ, ಪಡೆದದ್ದರಿಂದಲೇ ಅದು ಬೆಳೆಯಿತೆಂದು ಹೇಳುವುದೂ ಅಷ್ಟೇ ತಪ್ಪು. ಯಾವ ನಾಡೂ ತನ್ನ ನೂಲನ್ನೆಲ್ಲ ತಾನೇ ನೂತಿಲ್ಲ. ನಮ್ಮ ನಾಡೂ ಅಷ್ಟೆ. ಬಾರ್ಬೋಸ ಸೊಫಾಲದ ನೇಕಾರನ ಹೆಸರನ್ನು ಬರೆದಿಡಲಿಲ್ಲ. ಬಣ್ಣ ಹಾಕಲು ಅರಿಯದವನೆಂದು ಮಾತ್ರ ಗುರುತಿಸಿದ. ಆ ಒಂದು ಸಾಲನ್ನು ನಾವು ಇನ್ನೊಮ್ಮೆ ಓದಬೇಕು. ಆಗ ಅದರಲ್ಲಿ ಅರಿಯದವನ ಬದಲು, ದೂರದ ದೇಶದ ನೀಲಿಯನ್ನು ತನ್ನ ಮಗ್ಗಕ್ಕೆ ಒಗ್ಗಿಸಿಕೊಂಡ ಬಲ್ಲವನೊಬ್ಬ ಕಾಣಿಸುತ್ತಾನೆ.